ಎಸ್ಕಲಾಂಟೆ ಮೇಷ್ಟ್ರದ್ದು ಬರೀ ತಮಾಷೆಯಲ್ಲ

ಲಾಸ್ ಏಂಜಲೀಸ್‌ನ ಗಣಿತ ಮೇಷ್ಟ್ರು ಹೈಮೆ ಎಸ್ಕಲಾಂಟೆ ಬಗ್ಗೆ ಒಂದು ಲೇಖನ ಓದಿ ಖುಷಿಯಾಯಿತು. ಆದರೆ ಅವರ ತಮಾಷೆ, ನಾಟಕ, ಮಕ್ಕಳಿಗೆ ಇಡುತ್ತಿದ್ದ ಅಡ್ಡಹೆಸರುಗಳಿಂದಲೇ ತರಗತಿ ಹದಕ್ಕೆ ಬಂತು ಅನ್ನುವ ಹಾಗಿದೆ ಆ ಲೇಖನ. ಅದು ಅಷ್ಟು ಸಲೀಸಾಗಿರಲಿಲ್ಲ ಅಲ್ವಾ?

ಬೊಲಿವಿಯಾದ ಈ ಮೇಷ್ಟ್ರು ಅಲ್ಲಿನ ಗಾರ್‌ಫೀಲ್ಡ್ ಹೈಸ್ಕೂಲ್ ಸೇರಿದ್ದು 1974ರಲ್ಲಿ. ಅವರ 18 ಮಕ್ಕಳು ಕಾಲೇಜು ಮಟ್ಟದ ಕ್ಯಾಲ್ಕುಲಸ್ (ಬೀಜಗಣಿತದ ಮೇಲೆ ನಿಂತ ಮುಂದಿನ ಹಂತದ ಗಣಿತ) ಪರೀಕ್ಷೆ ಪಾಸಾಗಿದ್ದು 1982ರಲ್ಲಿ. ನಕಲು ಹೊಡೆದಿದ್ದಾರೆ ಅನ್ನುವ ಅನುಮಾನ ಪರೀಕ್ಷೆ ನಡೆಸಿದವರಿಗೆ ಬಂದು 12 ಮಕ್ಕಳು ಮತ್ತೆ ಬರೆದರು, ಅಷ್ಟೂ ಜನ ಪಾಸು. ಎಲ್ಲರೂ ಹೇಳುವುದು ಇದೊಂದೇ ಕತೆ. ನಡುವಿನ ಎಂಟು ವರ್ಷದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಬೀಜಗಣಿತ ಬರದವನಿಗೆ ಕ್ಯಾಲ್ಕುಲಸ್ ಹೇಗೆ ಬರಬೇಕು? ಅವರು ಮೊದಲು ಕೆಳಗಿನ ತರಗತಿಗಳನ್ನು ಗಟ್ಟಿ ಮಾಡಿದರು. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ, ಬೇಸಿಗೆ ರಜೆಯಲ್ಲೂ ಪಾಠ. ಮಕ್ಕಳು ಮತ್ತು ಪೋಷಕರಿಂದ ಒಪ್ಪಂದಕ್ಕೆ ಸಹಿ. ಪ್ರಾಂಶುಪಾಲರ ಬೆಂಬಲವೂ ಇತ್ತು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು. ಅವರು ತರಗತಿಯನ್ನು ಆಟದ ತಂಡದಂತೆ ನೋಡಿದರು. ಎದುರಾಳಿ ಪರೀಕ್ಷೆ, ಮೇಷ್ಟ್ರು ಕೋಚ್. ಪ್ರಶ್ನೆಪತ್ರಿಕೆ ಹೊರಗಿನವರದ್ದು, ಅದರಲ್ಲಿ ಮೇಷ್ಟ್ರ ಕೈವಾಡವಿಲ್ಲ. ಹಾಗಾಗಿ ಮೇಷ್ಟ್ರ ಜೊತೆ ಜಗಳಕ್ಕೆ ನಿಲ್ಲಲು ಹುಡುಗರಿಗೆ ಕಾರಣವೇ ಸಿಗುವುದಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪತ್ರಿಕೆಯೂ ಹೊರಗಿನದೇ. ಆದರೂ ವರ್ಷಪೂರ್ತಿ ಕಿರುಪರೀಕ್ಷೆ ಹೆಸರಲ್ಲಿ ಮಕ್ಕಳನ್ನು ಹೆದರಿಸುವವರು ನಾವೇ. ನಾನೂ ಗಣಿತ ಪಾಠ ಮಾಡುವವನು, ಅದಕ್ಕೇ ಹೇಳುತ್ತಿದ್ದೇನೆ.

ಅಡ್ಡಹೆಸರು ಇಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅವರ ಮಕ್ಕಳು ನಕ್ಕು ಸುಮ್ನಾಗಿರಬಹುದು. ನಮ್ಮ ಊರಲ್ಲಿ ಆ ಹೆಸರು ಮದುವೆ ಮನೆವರೆಗೂ ಅಂಟಿಕೊಂಡು ಬರುತ್ತದೆ.