ಆರು ನಿಮಿಷದಲ್ಲಿ ಒಂದು ಮಗು ಕಾಣುತ್ತಾ?

ನಿನ್ನೆ ಶಿರಸಿಯಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ರಾತ್ರಿ ಸರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಾ ಕುಡಿದು ಇದನ್ನು ಬರೆಯಲು ಕೂತಿದ್ದೇನೆ. ಉದ್ದ ಆಗುತ್ತದೆ, ಗೊತ್ತು. ಸಣ್ಣ ಮಕ್ಕಳಿರುವವರು, ಅಂಗನವಾಡಿ ಟೀಚರುಗಳು, ಶಾಲೆ ಮಾಸ್ತರರು ದಯವಿಟ್ಟು ಪೂರ್ತಿ ಓದಿ.

ಮಕ್ಕಳ ಬೆಳವಣಿಗೆ ತಪಾಸಣೆ, ಆಟಿಸಂ ಪತ್ತೆ, ಎಲ್ಲ ಉಚಿತ ಅಂತ ಬೋರ್ಡು ಹಾಕಿದ್ದರು. ಆಟಿಸಂ ಅಂದರೆ ಮಗು ಬೇರೆಯವರ ಜೊತೆ ಬೆರೆಯುವ, ಮಾತಾಡುವ, ಆಡುವ ರೀತಿಯೇ ಬೇರೆಯಾಗಿ ಬೆಳೆಯುವುದು. ಮಂಟಪದ ಊಟದ ಹಾಲ್‌ನಲ್ಲಿ ಮೂರು ಮೇಜು. ಸಿದ್ದಾಪುರ, ಯಲ್ಲಾಪುರದಿಂದ, ಘಟ್ಟ ಹತ್ತಿ ಕುಮಟಾದಿಂದಲೂ ಜನ ಬಂದಿದ್ದರು. ನಾನು ಕ್ಲಿನಿಕಲ್ ಸೈಕಾಲಜಿಸ್ಟ್, ಸಣ್ಣ ಮಕ್ಕಳ ಆಟಿಸಂ ನೋಡುವವಳು. ನನ್ನನ್ನು ಕರೆದಿದ್ದು ಕೊನೆಯಲ್ಲಿ ಎರಡು ಮಾತಾಡಲಿಕ್ಕೆ. ಬೇಗ ಹೋದೆ, ಒಂದು ಮೇಜಿನ ಹಿಂದೆ ಕೂತು ನೋಡಿದೆ. ಒಂದು ಮಗುವಿಗೆ ಆರು ನಿಮಿಷ. ಅಂದಾಜಿಗೆ ಹೇಳುತ್ತಿಲ್ಲ, ವಾಚು ನೋಡಿದ್ದೇನೆ.

ನಾಲ್ಕು ವರ್ಷದ ಒಬ್ಬ ಮಾಣಿ ಅಜ್ಜಿ ಜೊತೆ ಬಂದ. ಕೈಯಲ್ಲಿ ಹಳೇ ಬಿಸ್ಕೀಟ್ ಡಬ್ಬಿ, ಅದರೊಳಗೆ ಏಳು ಗೋಟಡಿಕೆ. ಕೂತ ಕೂಡಲೇ ಅಡಿಕೆ ಹೊರಗೆ ತೆಗೆದು ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟ. ಮೇಜಿನ ಆಚೆ ಇದ್ದವರು ಅದನ್ನು ಪಕ್ಕಕ್ಕೆ ಸರಿಸಿ, ಪ್ಲಾಸ್ಟಿಕ್ ಕೇಕು ಇಟ್ಟು, ಮೇಲೆ ಮೇಣದಬತ್ತಿ ಚುಚ್ಚಿ, ಗೊಂಬೆಗೆ ಹ್ಯಾಪಿ ಬರ್ತ್‌ಡೇ, ಊದು ಊದು ಅಂದರು. ಮಾಣಿ ಊದಲಿಲ್ಲ. ತಿರುಗಿ ಅಜ್ಜಿ ಮುಖ ನೋಡಿದ. ಆಮೇಲೆ ಬತ್ತಿ ನೋಡಿದ. ಮತ್ತೆ ಅಜ್ಜಿಯನ್ನು ನೋಡಿದ. ಅಷ್ಟರಲ್ಲಿ ಹಾಳೆಯ ಮೇಲೆ ಟಿಕ್ ಬಿತ್ತು. ಕಲ್ಪನೆಯ ಆಟ ಇಲ್ಲ.

ಆಯಿ, ಅಂದರೆ ಅಮ್ಮ, ಎಲ್ಲಿ ಅಂತ ಕೇಳಿದರು. "ಆಯಿ ಮನೇಲಿದ್ದು" ಅಂದ. ಅದಕ್ಕೂ ಒಂದು ಟಿಕ್. ವಾಕ್ಯ ಪೂರ್ತಿ ಇಲ್ಲ.

ಪೂರ್ತಿ ಇದೆ. ನಮ್ಮ ಹವ್ಯಕರ ಮಾತು ಹವಿಗನ್ನಡದಲ್ಲಿ "ಇದ್ದು" ಅಂದರೆ "ಇದೆ" ಅಂತಲೇ ಅರ್ಥ. ಹೆಂಗಸರಿಗೂ ಹಾಗೇ ಹೇಳುತ್ತೇವೆ. ಆ ಮಗು ತನ್ನ ಮನೆಯ ಮಾತನ್ನು ಒಂದು ತಪ್ಪೂ ಇಲ್ಲದೆ ಆಡಿದ್ದಾನೆ. ಇನ್ನು ಬತ್ತಿಯ ವಿಷಯ. ದೀಪ ಬಾಯಿಂದ ಊದಬಾರದು ಅಂತ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮಾತು ಬರುವ ಮೊದಲೇ ಕಲಿಸಿರುತ್ತೇವೆ. ಹುಟ್ಟುಹಬ್ಬಕ್ಕೆ ದೀಪ ಹಚ್ಚುತ್ತೇವೆ, ಆರತಿ ಎತ್ತುತ್ತೇವೆ. ಹಾಗಾದರೆ ಅವನು ಯಾಕೆ ಅಜ್ಜಿ ಕಡೆ ತಿರುಗಿದ? ಊದಬಹುದಾ ಅಂತ ಕೇಳಲಿಕ್ಕೆ ತಿರುಗಿರಬಹುದಲ್ವಾ? ಏನು ಮಾಡಬೇಕು ಅಂತ ತಿಳಿಯದಾಗ ಮಗು ತನ್ನವರ ಮುಖ ನೋಡುತ್ತದಾ ಇಲ್ಲವಾ ಅನ್ನುವುದು ನಮ್ಮ ಕೆಲಸದಲ್ಲಿ ತುಂಬಾ ದೊಡ್ಡ ವಿಷಯ. ಆ ಆರು ನಿಮಿಷದಲ್ಲಿ ನಡೆದ ಬಹುಮುಖ್ಯ ಸಂಗತಿ ಅದೇ. ಬರೆಯುವವರು ತಲೆ ತಗ್ಗಿಸಿ ಬರೆಯುತ್ತಿದ್ದರು.

ಚೀಟಿಯಲ್ಲಿ ಬಂದದ್ದು: ಆಟಿಸಂ, ಮಧ್ಯಮ.

ಅವನಿಗೆ ಆಟಿಸಂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇರಬಹುದು. ಹೆಸರು ಕರೆದರೆ ತಿರುಗಲ್ಲ, ಓರಗೆಯ ಮಕ್ಕಳ ಹತ್ತಿರ ಹೋಗಲ್ಲ ಅಂತ ಅಜ್ಜಿಯೇ ಹೇಳಿದರು. ಆದರೆ ಕಿವಿ ಪರೀಕ್ಷೆ ಆಗಿದೆಯಾ ಅಂತ ಯಾರೂ ಕೇಳಲಿಲ್ಲ. ಕರೆದರೆ ತಿರುಗದ ಮಗುವಿಗೆ ಮೊದಲು ಮಾಡಿಸಬೇಕಾದ್ದು ಅದು.

ಅಜ್ಜಿ ಚೀಟಿ ಹಿಡಿದು ಹೊರಗೆ ಬಂದವರು ನನ್ನ ಕೈ ಹಿಡಿದುಕೊಂಡರು. "ಎಂತ ಆಯ್ದು ತಂಗಿ ನಮ್ಮ ಮಾಣಿಗೆ?" ಸೊಸೆಯನ್ನು ಯಾಕೆ ಕರೆದುಕೊಂಡು ಬರಲಿಲ್ಲ ಅಂತ ಕೇಳಿದೆ. ಮೊಬೈಲ್ ಕೊಟ್ಟು ಕೂರಿಸಿದ್ದಕ್ಕೇ ಹೀಗಾಯ್ತು ಅಂತ ಬಂದವರೆಲ್ಲ ಅವಳಿಗೇ ಹೇಳಿ ಹೇಳಿ ಈಗ ಅವಳು ಎಲ್ಲಿಗೂ ಬರುವುದೇ ಇಲ್ಲವಂತೆ. ಒಂದು ಕಾಲದಲ್ಲಿ ಅಮೆರಿಕದ ದೊಡ್ಡ ದೊಡ್ಡ ಪಂಡಿತರೂ ತಾಯಿಯ ಪ್ರೀತಿ ಸಾಲದ್ದಕ್ಕೇ ಆಟಿಸಂ ಬರುತ್ತದೆ ಅಂತ ಬರೆದಿದ್ದರು. ಅದು ಸುಳ್ಳು ಅಂತ ಗೊತ್ತಾಗಿ ಎಷ್ಟೋ ವರ್ಷವಾಯಿತು. ನಮ್ಮ ಜಗಲಿಗಳಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನಾನು ಪಿಎಚ್‌ಡಿ ಮುಗಿಸಿ ಮತ್ತೆ ಎರಡು ವರ್ಷ ಅಮೆರಿಕಕ್ಕೆ ಹೋದದ್ದು ನಿಮಗೆಲ್ಲ ಗೊತ್ತು. ಹೋಗುವ ಮುಂಚೆ ದೊಡ್ಡಪ್ಪ ಕೇಳಿದ್ದರು, ಡಾಕ್ಟರ್ ಅಂತ ಹೆಸರಿನ ಹಿಂದೆ ಬಂದಾಯ್ತಲ್ಲ, ಮಕ್ಕಳ ಜೊತೆ ಆಟ ಆಡಲಿಕ್ಕೆ ಮತ್ತೆ ಎಂತ ಕಲಿಯುವುದು? ನಿನ್ನೆ ಶಿಬಿರದ ಒಬ್ಬರೂ ಅದನ್ನೇ ಕೇಳಿದರು. ದೊಡ್ಡಪ್ಪನಿಗೆ ಅವತ್ತು ಉತ್ತರ ಕೊಡಲು ಬರಲಿಲ್ಲ. ಇವತ್ತು ಕೊಡುತ್ತೇನೆ.

ನಾನು ಓದುವ ಕಾಲಕ್ಕೆ ನಮ್ಮಲ್ಲಿ ಎಂಎ ಆದಮೇಲೆ ಎರಡು ವರ್ಷದ ಎಂಫಿಲ್ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಕ್ಲಿನಿಕಲ್ ಸೈಕಾಲಜಿಸ್ಟ್. ನಾನೂ ಅದೇ ದಾರಿಯಲ್ಲಿ ಬಂದವಳು. ಆ ಎರಡು ವರ್ಷದಲ್ಲಿ ಖಿನ್ನತೆ, ಕುಡಿತ, ಸ್ಕಿಜೋಫ್ರೇನಿಯಾ, ಬುದ್ಧಿಮತ್ತೆ ಪರೀಕ್ಷೆ, ಎಲ್ಲ ಕಲಿಯಬೇಕಿತ್ತು. ಮಕ್ಕಳ ವಿಭಾಗದಲ್ಲಿ ನನಗೆ ಸಿಕ್ಕಿದ್ದು ಕೆಲವೇ ತಿಂಗಳು. ಪಿಎಚ್‌ಡಿ ಅಂದರೆ ಒಂದು ಪ್ರಶ್ನೆ ಹಿಡಿದು ಸಂಶೋಧನೆ ಮಾಡುವುದು. ಅಮೆರಿಕದಲ್ಲಿ ಡಾಕ್ಟರೇಟ್ ಆದವರು ಇನ್ನೂ ಒಂದೆರಡು ವರ್ಷ ಹಿರಿಯರ ಕೈಕೆಳಗೆ ಕೆಲಸ ಮಾಡುವ ಪದ್ಧತಿ ಇದೆ. ಪೋಸ್ಟ್‌ಡಾಕ್ ಅಂದರೆ ಅದು. ಅಲ್ಲಿಯ ಹಲವು ರಾಜ್ಯಗಳಲ್ಲಿ ಅದಿಲ್ಲದೆ ಲೈಸೆನ್ಸೂ ಸಿಗಲ್ಲ. ನಾನು ಸೇರಿದ್ದು ಸಣ್ಣ ಮಕ್ಕಳ ಆಟಿಸಂ ವಿಭಾಗಕ್ಕೆ.

ಅಲ್ಲಿ ಕಲಿತದ್ದು ನೋಡುವುದನ್ನು. ಅಷ್ಟೇ. ಎರಡು ವರ್ಷ ಅದನ್ನೇ ಕಲಿತೆ.

ನಿನ್ನೆ ನೋಡಿದ ಕೇಕಿನ ಆಟ ಎಡಾಸ್ ಅನ್ನುವ ಆಟಿಸಂ ಪರೀಕ್ಷೆಯ ಒಂದು ತುಣುಕು. ಪೂರ್ತಿ ಪರೀಕ್ಷೆಗೆ 40 ನಿಮಿಷದಿಂದ ಒಂದು ಗಂಟೆ ಬೇಕು. ಗುಳ್ಳೆ ಊದುವುದು, ಬಲೂನು, ಗೊಂಬೆಗೆ ಹುಟ್ಟುಹಬ್ಬ, ಹೆಸರು ಕರೆಯುವುದು, ಹೊರಗಿನವರಿಗೆ ಆಟದ ಹಾಗೇ ಕಾಣುತ್ತದೆ. ನಾವು ಇಬ್ಬರು ಒಂದೇ ಮಗುವನ್ನು ನೋಡಿ ಬೇರೆ ಬೇರೆ ಕೂತು ಅಂಕ ಹಾಕಬೇಕಿತ್ತು. ಸಂಶೋಧನೆಗೆ ಬಳಸಬೇಕಾದರೆ ಇಬ್ಬರ ಅಂಕ ನೂರಕ್ಕೆ 80ರಷ್ಟಾದರೂ ಒಂದಕ್ಕೊಂದು ಹೊಂದಬೇಕು. ಮೊದಲ ತಿಂಗಳುಗಳಲ್ಲಿ ನನ್ನದು ಹೊಂದುತ್ತಲೇ ಇರಲಿಲ್ಲ. "ಮಗುವಿಗೆ ಆಸಕ್ತಿ ಇಲ್ಲ" ಅಂತ ಬರೆದರೆ ನಮ್ಮ ಮೇಡಂ ಅದನ್ನು ಹೊಡೆದುಹಾಕುತ್ತಿದ್ದರು. ನಿನಗೆ ಅನ್ನಿಸಿದ್ದು ಬೇಡ, ಕಂಡದ್ದು ಹೇಳು. ಕಣ್ಣು ಎಲ್ಲಿತ್ತು? ಕೈ ಎಲ್ಲಿತ್ತು? ನೀನು ಎಷ್ಟು ಹೊತ್ತು ಕಾದೆ? ಒಂದೇ ವಿಡಿಯೊ ಹತ್ತು ಸಲ ನೋಡಿಸುತ್ತಿದ್ದರು.

ಒಂದು ಉದಾಹರಣೆ ಹೇಳುತ್ತೇನೆ, ಬೆರಳು ತೋರಿಸುವುದು. ಮಗು ಡಬ್ಬಿಯ ಕಡೆ ಬೆರಳು ಮಾಡಿ ಚಕ್ಕುಲಿ ಬೇಕು ಅನ್ನುವುದು ಒಂದು. ತೋಟದಲ್ಲಿ ಮಂಗ ಬಂದಾಗ ಅದರ ಕಡೆ ಬೆರಳು ಮಾಡಿ, ಅಜ್ಜಿಯೂ ನೋಡಿದಳಾ ಅಂತ ತಿರುಗಿ ನೋಡುವುದು ಇನ್ನೊಂದು. ಎರಡನೆಯದರಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ. ತಾನು ಕಂಡದ್ದನ್ನು ಇನ್ನೊಬ್ಬರಿಗೂ ಕಾಣಿಸಬೇಕು, ಅಷ್ಟೇ. ಎರಡು ವರ್ಷದ ಮಗುವಿನಲ್ಲಿ ನಾವು ಹುಡುಕುವುದು ಮುಖ್ಯವಾಗಿ ಈ ಎರಡನೆಯದನ್ನು. ಬೆರಳು ತೋರಿಸ್ತಾನಾ ಅಂತ ಕೇಳಿದರೆ ಎಲ್ಲ ಮನೆಯವರೂ ಹೌದು ಅನ್ನುತ್ತಾರೆ. ಯಾವ ಬೆರಳು ಅಂತ ಕೇಳಲು ಬರಬೇಕು. ಮಂಗನ ಉದಾಹರಣೆ ಕೊಟ್ಟು ಕೇಳಬೇಕು ಅಂತ ನನಗೆ ಅಮೆರಿಕದಲ್ಲಿ ಯಾರೂ ಕಲಿಸಲಿಲ್ಲ. ಅದು ಇಲ್ಲಿಯೇ ಕಲಿಯಬೇಕಾದ್ದು.

ಒಂದು ವಿಷಯ ಇಷ್ಟು ದಿನ ಎಲ್ಲೂ ಬರೆದಿರಲಿಲ್ಲ. ಎಂಫಿಲ್ ಮಾಡುವಾಗ ಒಂಬತ್ತು ವರ್ಷದ ಒಂದು ಹುಡುಗಿಯನ್ನು ನೋಡಿದ್ದೆ. ನಮ್ಮ ಕರಾವಳಿಯವಳೇ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ನಕ್ಕಳು, ಕಣ್ಣಿಟ್ಟು ಮಾತಾಡಿದಳು. ಶಾಲೆಯಿಂದ ಬಂದ ಮೇಲೆ ದಿನಾ ಎರಡು ಗಂಟೆ ಕತ್ತಲೆ ಕೋಣೆಯಲ್ಲಿ ಮಲಗುತ್ತಾಳೆ, ಸಮವಸ್ತ್ರದ ಹೊಲಿಗೆ ಚುಚ್ಚುತ್ತದೆ ಅಂತ ಅಳುತ್ತಾಳೆ ಅಂತ ತಾಯಿ ಹೇಳಿದರು. ನಾನು ಆತಂಕ, ಸಂಕೋಚದ ಸ್ವಭಾವ ಅಂತ ಬರೆದು ಕಳಿಸಿದೆ. ಕೆಲವು ವರ್ಷದ ಮೇಲೆ, ಪೋಸ್ಟ್‌ಡಾಕ್‌ನಲ್ಲಿ, ಬೇರೊಬ್ಬ ಹುಡುಗಿಯ ವಿಡಿಯೊ ನೋಡುತ್ತಿದ್ದಾಗ ಅವಳ ನಗು ನನಗೆ ಗುರುತು ಸಿಕ್ಕಿತು. ಎದುರಿನವರು ನಕ್ಕ ಅರೆಕ್ಷಣದ ನಂತರ ಬರುವ ನಗು. ನೋಡಿ ಕಲಿತ ನಗು. ಅದೇ ನಗು ಆ ಮಗುವಿನ ಮುಖದಲ್ಲೂ ಇತ್ತು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದ ಮೊದಲ ಲೇಖನದಲ್ಲಿ 11 ಮಕ್ಕಳು, ಅವರಲ್ಲಿ ಹುಡುಗಿಯರು ಮೂರೇ. ಹುಡುಗರನ್ನು ನೋಡಿ ಮಾಡಿದ ಕನ್ನಡಕ ಹಾಕಿಕೊಂಡೇ ನಾವೆಲ್ಲ ಹುಡುಗಿಯರನ್ನು ನೋಡಿದೆವು. ಊರಿಗೆ ಬಂದ ಮೇಲೆ ಆ ತಾಯಿಗೆ ಫೋನ್ ಮಾಡಲು ನೋಡಿದೆ. ಆ ನಂಬರು ಈಗ ಇಲ್ಲ. ಹುಡುಗಿಗೆ ಈಗ ಹದಿನೇಳು ಆಗಿರಬೇಕು. ನಾನು ಅವಳಿಗೆ ಕೊಟ್ಟ ಸಮಯ ಆರು ನಿಮಿಷ ಅಲ್ಲ, ಎರಡು ಗಂಟೆ. ಆದರೂ ಕಾಣಲಿಲ್ಲ. ನೋಡುವುದು ಕಲಿತಿರಲಿಲ್ಲ, ಅದಕ್ಕೆ. ಹಾಗಾಗಿಯೇ ಆರು ನಿಮಿಷ ಅಂದಾಗ ನನಗೆ ಇಷ್ಟು ಸಿಟ್ಟು ಬರುವುದು.

ನಿನ್ನೆ ಇದನ್ನೆಲ್ಲ ಹೇಳಿದಾಗ ಶಿಬಿರದವರು ಒಂದು ಮಾತು ಹೇಳಿದರು. ಏನೂ ಇಲ್ಲದ ಕಡೆ ಆರು ನಿಮಿಷವಾದರೂ ಸಿಗ್ತಲ್ಲ ಮೇಡಂ. ಇವರೆಲ್ಲ ಹುಬ್ಬಳ್ಳಿಗೆ, ಮಣಿಪಾಲಕ್ಕೆ ಹೋಗಲಿಕ್ಕೆ ಆಗುತ್ತಾ?

ಈ ಮಾತು ಕೇಳಿದರೆ ಸರಿ ಅನ್ನಿಸುತ್ತದೆ. ಸರಿಯಲ್ಲ. ಆರು ನಿಮಿಷದಲ್ಲಿ ಮಾಡಬಹುದಾದ ಕೆಲಸ ಒಂದಿದೆ, ಜರಡಿ ಹಿಡಿಯುವುದು. ಎಂಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ, 16ರಿಂದ 30 ತಿಂಗಳ ಮಕ್ಕಳಿಗೆ. ಅಂಗನವಾಡಿ ಟೀಚರೂ ಕೇಳಬಹುದು. ಅದರ ಉತ್ತರ "ಈ ಮಗುವನ್ನು ಇನ್ನೂ ಸರಿಯಾಗಿ ನೋಡಬೇಕು" ಅಂತ ಮಾತ್ರ. ಅದರಿಂದ ಯಾರೂ ಆಟಿಸಂ ಅಂತ ಬರೆಯುವ ಹಾಗಿಲ್ಲ, ಮಧ್ಯಮ ಅಂತ ಅಂತೂ ಇಲ್ಲವೇ ಇಲ್ಲ. ಸರಕಾರದ ಅಂಗವಿಕಲ ಪ್ರಮಾಣಪತ್ರಕ್ಕೆ ಬಳಸುವ ನಮ್ಮದೇ ದೇಶದ ಮಾಪಕದಲ್ಲಿ 40 ಅಂಶ ಇವೆ. ಒಂದೊಂದನ್ನೂ ನೋಡಿ, ಮನೆಯವರನ್ನು ಕೇಳಿ ಅಂಕ ಹಾಕಬೇಕು. ಆರು ನಿಮಿಷದಲ್ಲಿ ಅದನ್ನು ಓದಿ ಮುಗಿಸಲಿಕ್ಕೂ ಆಗಲ್ಲ.

ಇನ್ನೊಂದು ವಾದ ನನ್ನ ಗೆಳತಿಯದು. ಕಾರವಾರದ ಸೇತುವೆ ದಾಟಿದರೆ ಗೋವಾ. ಅಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ತಗೊಂಡು, ತಂದೆ ತಾಯಿಯರಿಗೆ ಮಗುವಿನ ಜೊತೆ ಹೇಗೆ ಒಡನಾಡಬೇಕು ಅಂತ ಕಲಿಸಿದರು. ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದು ಜಾಸ್ತಿ ಆಯಿತು. ಹಾಗಾದರೆ ಪೋಸ್ಟ್‌ಡಾಕ್ ಎಲ್ಲ ಯಾಕೆ ಅಂತ ಅವಳ ಪ್ರಶ್ನೆ. ಆ ಅಧ್ಯಯನ ನನಗೂ ಇಷ್ಟ. ಅಂಥದ್ದು ನಮ್ಮ ಜಿಲ್ಲೆಗೆ ನಾಳೆಯೇ ಬರಲಿ. ಆದರೆ ಆ ಕಾರ್ಯಕರ್ತರಿಗೆ ಕಲಿಸಿದವರು ಯಾರು? ಅವರ ಬೆನ್ನಿಗೆ ನಿಂತು, ಅಲ್ಲಿ ಇನ್ನೂ ಸ್ವಲ್ಪ ಕಾಯಬೇಕಿತ್ತು ಅಂತ ಹೇಳಿದವರು ಯಾರು? ಆ ಒಬ್ಬರು ಇಲ್ಲದಿದ್ದರೆ ಉಳಿದ ಕೆಲಸ ನಿಲ್ಲುತ್ತದೆ. ನಮ್ಮಲ್ಲಿ ಇಲ್ಲದಿರುವುದು ಆ ಒಬ್ಬರೇ.

ಅದಕ್ಕೇ ನಾನು ಕೇಳುವುದು ಇಷ್ಟು. ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಸಂಸ್ಥೆ ಡಿಮ್ಹಾನ್ಸ್ ಇದೆ. ಅಲ್ಲೆಲ್ಲ ಕಲಿತ ಮೇಲೆ ಡಾಕ್ಟರೇಟ್ ಆದವರಿಗೆ ಮಕ್ಕಳ ಆಟಿಸಂ ಮೇಲೇ ಎರಡು ವರ್ಷದ ತರಬೇತಿ ಇರಲಿ. ಅದರಲ್ಲಿ ಆರು ತಿಂಗಳು ನಮ್ಮಂಥ ಜಿಲ್ಲೆಯಲ್ಲಿ ಕಳೆಯಲಿ. ತಾಲೂಕು ಆಸ್ಪತ್ರೆಯಲ್ಲಿ ಕೂರಲಿ, ಅಂಗನವಾಡಿಗೆ ಹೋಗಲಿ, ಮನೆಯ ಜಗಲಿಯಲ್ಲಿ ಮಗು ಆಡುವುದನ್ನು ನೋಡಲಿ. ಭಟ್ಕಳದಲ್ಲಿ ಮಗು ನವಾಯತಿ ಆಡುತ್ತದೆ, ಕಾರವಾರದಲ್ಲಿ ಕೊಂಕಣಿ, ಅಂಕೋಲೆಯ ಹಾಲಕ್ಕಿ ಮನೆಯಲ್ಲಿ ಕನ್ನಡದ್ದೇ ಬೇರೆ ರಾಗ, ಯಲ್ಲಾಪುರ ಹಳಿಯಾಳದ ಸಿದ್ದಿ ಕೇರಿಗಳಲ್ಲಿ ಇನ್ನೊಂದು. ಇಷ್ಟು ಮಾತುಗಳ ನಡುವೆ "ಮಾತು ತಡ" ಅಂತ ಬರೆಯುವ ಮೊದಲು ಅದನ್ನು ಕೇಳಿಸಿಕೊಂಡ ಕಿವಿ ಬೇಕು. 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಹಕ್ಕು ಕಾಗದದ ಮೇಲಿದೆ. ಆ ಹಕ್ಕು ಕೈಗೆ ಸಿಗಬೇಕಾದರೆ ಮೊದಲು ಯಾರೋ ಒಬ್ಬರು ಮಗುವನ್ನು ಸರಿಯಾಗಿ ನೋಡಿರಬೇಕು.

ಇನ್ನೊಂದು ಮಾತು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಅನ್ನುತ್ತಾರೆ. ತನ್ನಲ್ಲೇ ಮುಳುಗಿದವನು ಅಂತ. ನನಗೆ ಆ ಪದ ಹಿಡಿಸಲ್ಲ. ನಿನ್ನೆ ಆ ಮಾಣಿ ಮುಳುಗಿರಲಿಲ್ಲ. ಅಜ್ಜಿಯ ಮುಖವನ್ನು ಎರಡು ಸಲ ನೋಡಿದ.

ಅಜ್ಜಿಯ ಕೈಯಿಂದ ಚೀಟಿ ಇಸಿದುಕೊಂಡು ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ ಅಂದೆ. ಬರುವ ಬುಧವಾರ ಬೆಳಿಗ್ಗೆ ಬಸ್ಸಿಗೆ ಬರುತ್ತಾರೆ. ಮಧ್ಯಾಹ್ನದವರೆಗೆ ಬೇರೆ ಯಾರನ್ನೂ ನೋಡಲ್ಲ. ಸೊಸೆಯನ್ನೂ ಕರೆದುಕೊಂಡು ಬನ್ನಿ, ನಾನು ಅವಳಿಗೆ ಏನೂ ಅನ್ನುವುದಿಲ್ಲ, ಕೇಳಲಿಕ್ಕಿದೆ ಅಷ್ಟೇ ಅಂದೆ. ಅಡಿಕೆ ಡಬ್ಬಿಯನ್ನೂ ತರಲು ಹೇಳಿದ್ದೇನೆ.