ಬೀಗ ಹಾಕಿದ ಕಾಫಿ ಪುಡಿ

ಕೊಡಗಿನಲ್ಲಿ ಯಾರ ಮನೆಗೆ ಹೋದರೂ ಕಾಫಿ ಕುಡಿಯದೆ ಎದ್ದು ಬರೋಕೆ ಆಗಲ್ಲ. ಬೇಡ ಅಂದರೂ ತರ್ತಾರೆ. 'ಅರ್ಧ ಲೋಟ ಸಾಕು' ಅಂದರೆ ಮುಕ್ಕಾಲು ಲೋಟ ಬರುತ್ತದೆ. ನಾನು ಎರಡು ವರ್ಷ ದುಡಿದ ಮಡಿಕೇರಿಯ ಕಂಪನಿಯಲ್ಲಿ ಮಾತ್ರ ಕಾಫಿ ಪುಡಿಯ ಡಬ್ಬ ಕಬ್ಬಿಣದ ಬೀರುವಿನೊಳಗೆ, ಬೀರುವಿನ ಬೀಗದ ಕೈ ಮ್ಯಾನೇಜರ್ ಜೇಬಿನಲ್ಲಿ. ತಮಾಷೆ ಏನಂದ್ರೆ, ನಾವು ಮಾರುತ್ತಿದ್ದದ್ದೇ ಕಾಫಿ ಪುಡಿ.

ಹೊಸ ಕಂಪನಿ, ನಾನು ಸೇರಿದಾಗ ವರ್ಷವೂ ತುಂಬಿರಲಿಲ್ಲ. ತೋಟದವರಿಂದ ಬೀಜ ಕೊಂಡು, ಹುರಿದು, ಪುಡಿ ಮಾಡಿ, ಪ್ಯಾಕೆಟ್ಟಿಗೆ ತುಂಬಿ ಆನ್‌ಲೈನ್‌ನಲ್ಲಿ ಮಾರೋದು, ಜೊತೆಗೆ ಒಂದಿಷ್ಟು ಕರಿಮೆಣಸು, ಜೇನು. ನಾವು 11 ಜನ. ಕ್ಯಾಮೆರಾ 8. ಊಟದ ಬೆಂಚಿನ ಮೇಲೂ ಒಂದಿತ್ತು, ಯಾರ ಡಬ್ಬಿಯಲ್ಲಿ ಯಾರು ಕೈ ಹಾಕ್ತಾರೆ ಅಂತ ನೋಡೋಕೋ ಏನೋ. ಹಾಗಿದ್ದರೆ ಪಾಪ, ತುಂಬಾ ನೋಡಿರಬೇಕು. ನಮ್ಮ ಕೈಲ್‌ಪೊಳ್ದ್ ಹಬ್ಬದ ಮಾರನೇ ದಿನ ಒಬ್ಬರ ಡಬ್ಬಿಯ ಕಡಂಬುಟ್ಟು, ಅಂದ್ರೆ ಅಕ್ಕಿ ತರಿಯ ಉಂಡೆ ಕಡುಬು, ಒಂಬತ್ತು ಜನರ ತಟ್ಟೆಗೆ ಹೋಗಿತ್ತು.

ಬಾಗಿಲಲ್ಲಿ ಹೆಬ್ಬೆಟ್ಟು ಒತ್ತುವ ಮೆಷಿನ್. ಜುಲೈ ಮಳೆಯಲ್ಲಿ ನೆನೆದು ಸುಕ್ಕಾದ ಬೆರಳನ್ನು ಅದು ಗುರುತಿಸುತ್ತಲೇ ಇರಲಿಲ್ಲ. ಸೀರೆ ಸೆರಗಿಗೆ ಒರೆಸಿ, ಬಾಯಿಂದ ಊದಿ, ಮತ್ತೆ ಒತ್ತಿ, ಅಷ್ಟರಲ್ಲಿ ಲೇಟು. ಹುರಿಯುವ ಮೆಷಿನ್ ಹತ್ತಿರ ಹೋಗಿ ಬೆರಳು ಕಾಯಿಸಿಕೊಂಡು ಬಂದರೆ ಸರಿಯಾಗುತ್ತಿತ್ತು, ಆದರೆ ಅಲ್ಲಿಗೆ ಹೋಗೋಕೆ ಮೊದಲು ಬಾಗಿಲಲ್ಲಿ ಬೆರಳು ಒತ್ತಬೇಕಲ್ಲ!

ಹುರಿಯುವ ಕೆಲಸ ಒಬ್ಬ ಅಣ್ಣನದು. ಗಡಿಯಾರಕ್ಕಿಂತ ಕಿವಿಯನ್ನೇ ಜಾಸ್ತಿ ನಂಬುತ್ತಿದ್ದರು. ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗಿ, ಒಳಗೆ ಚಟಪಟ ಅನ್ನೋಕೆ ಶುರುವಾದ ಕೂಡಲೇ ಕೈ ಎತ್ತುತ್ತಿದ್ದರು. ಎಲ್ಲರೂ ಸುಮ್ಮನಾಗಬೇಕು, ಅವರಿಗೆ ಸದ್ದು ಕೇಳಬೇಕು. ಒಂದು ಸಂಜೆ ಯಜಮಾನರು ಲೆಕ್ಕದ ಪುಸ್ತಕ ಹಿಡಿದು ಬಂದರು. "10 ಕೆಜಿ ಬೀಜ ಹಾಕಿದ್ದೀರಿ, ಬಂದಿರೋದು ಎಂಟೂವರೆ. ಉಳಿದ ಒಂದೂವರೆ ಕೆಜಿ ಎಲ್ಲಿ?"

"ಗಾಳಿಗೆ ಹೋಯ್ತು ಸರ್."

ಅಣ್ಣ ತಮಾಷೆ ಮಾಡಿದ್ದಲ್ಲ. ಹುರಿದರೆ ಬೀಜದೊಳಗಿನ ನೀರು ಆವಿಯಾಗುತ್ತದೆ, ಮೇಲಿನ ತೆಳು ಸಿಪ್ಪೆ ಹಾರುತ್ತದೆ. ನೂರಕ್ಕೆ 15ರಿಂದ 20ರಷ್ಟು ತೂಕ ಇಳಿಯೋದು ಮಾಮೂಲು. ಕಾಫಿ ಮಾರೋಕೆ ಹೊರಟವರಿಗೆ ಇದು ಗೊತ್ತಿರಲಿಲ್ಲ, ಇರಲಿ, ಕಲಿಯೋದು ಎಲ್ಲರಿಗೂ ಇರುತ್ತೆ. ಮಾರನೇ ದಿನ ಅವರೆದುರಿಗೇ ತೂಗಿ, ಹುರಿದು, ಆರಿಸಿ, ಮತ್ತೆ ತೂಗಿದರು. 8 ಕೆಜಿ 400 ಗ್ರಾಂ. ಯಜಮಾನರು ತಲೆ ಆಡಿಸಿ, ಇನ್ನು ಮೇಲೆ ಹಾರಿದ ಸಿಪ್ಪೆಯನ್ನೂ ಗುಡಿಸಿ ತೂಗಿ ಬರೆದಿಡಿ ಅಂದರು. ಪ್ಯಾಕಿಂಗ್ ಅಕ್ಕ ಫ್ಯಾನ್ ಆಫ್ ಮಾಡಿ, ಉಸಿರು ಬಿಗಿಹಿಡಿದು ಅದನ್ನು ತೂಗುತ್ತಿದ್ದರು. ಯಾರಾದರೂ ಸೀನಿದರೆ ಲೆಕ್ಕ ತಪ್ಪುತ್ತಿತ್ತು.

ಇದಕ್ಕೆ ಉಲ್ಟಾ, ಮಳೆಗಾಲದಲ್ಲಿ ಇನ್ನೂ ಹುರಿಯದ ಬೀಜ ತೇವ ಎಳೆದುಕೊಂಡು, 50 ಕೆಜಿ ಮೂಟೆ ಅರ್ಧ ಕೆಜಿ ಜಾಸ್ತಿ ತೂಗಿತು. ನಿಜವಾಗಿ ಕೇಳಬೇಕಾಗಿದ್ದು ಆಗ, ತೇವ ಹಿಡಿದರೆ ಬೂಷ್ಟು, ರುಚಿಯೂ ಹೋಗುತ್ತೆ. ಹೆಚ್ಚಿಗೆ ಬಂದ ಅರ್ಧ ಕೆಜಿ ಎಲ್ಲಿಂದ ಅಂತ ಯಾರೂ ಕೇಳಲಿಲ್ಲ.

ಕಾವಲೇ ಬೇಡ ಅಂತ ನಾನು ಹೇಳ್ತಿಲ್ಲ. ಕಾಫಿಗೆ ಬೆಲೆ ಬಂದ ವರ್ಷ ಕಣದಲ್ಲಿ ಹರವಿದ್ದನ್ನು ಕಾಯೋಕೆ ನಮ್ಮಪ್ಪನೂ ಕಂಬಳಿ ಹೊದ್ದು ರಾತ್ರಿಯೆಲ್ಲ ಕೂತಿದ್ದಾರೆ. ಆದರೆ ಅವರು ಕಾಯ್ತಿದ್ದದ್ದು ಗೇಟಿನ ಹೊರಗಿನವರನ್ನ. ಕುಯ್ಯೋಕೆ ಬಂದವರಿಗೆ ಹತ್ತು ಗಂಟೆಗೆ ಅಮ್ಮನೇ ಕಾಫಿ ಕಾಯಿಸಿ ಕೊಡ್ತಿದ್ದರು, ಪುಡಿ ಎಷ್ಟು ಚಮಚ ಅಂತ ಅಪ್ಪ ಎಣಿಸಿದ್ದು ನೋಡಿಲ್ಲ.

ಆಗಸ್ಟಿನಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರ್ ಸತ್ತಿತು, ಅದರ ಹಿಂದೆಯೇ ಕ್ಯಾಮೆರಾಗಳೂ. ಆ ಎರಡು ದಿನ ನಾವು ಮೇಣದ ಬತ್ತಿ ಇಟ್ಟುಕೊಂಡು, ಹರಟೆ ಹೊಡೆಯುತ್ತಾ, ಬಾಕಿ ಬಿದ್ದಿದ್ದ ಪ್ಯಾಕಿಂಗ್ ಅಷ್ಟನ್ನೂ ಮುಗಿಸಿದೆವು. ಯಾರೂ ನೋಡ್ತಿರಲಿಲ್ಲ, ಆದ್ದರಿಂದ ದಾಖಲೆಯೂ ಇಲ್ಲ.

ಎರಡನೇ ಸಂಜೆ ಅಕ್ಕ ಮನೆಯಿಂದ ತಂದ ಪುಡಿಯಲ್ಲಿ ಬೆಲ್ಲದ ಕಾಫಿ ಕಾಯಿಸಿದರು. ಸಕ್ಕರೆಯೂ ಬೀರುವಿನಲ್ಲೇ ಇತ್ತಲ್ಲ. ವಾಸನೆಗೆ ಮ್ಯಾನೇಜರ್ ಬಂದರು, ಗ್ಯಾಸ್ ಒಲೆಯ ಮೇಲಿನ ಪಾತ್ರೆ ನೋಡಿದರು, ಏನೂ ಮಾತಾಡದೆ ಒಳಗೆ ಹೋದರು. ಬೀರು ಕಿರ್ ಅಂತ ತೆಗೆದ ಸದ್ದು, ಡಬ್ಬ ಅಲ್ಲಾಡಿಸಿದ ಸದ್ದು, ಮತ್ತೆ ಬೀಗದ ಸದ್ದು. ವಾಪಸ್ ಬಂದು ನಮ್ಮ ಪಕ್ಕ ಬೆಂಚಿನ ಮೇಲೆ ಕೂತರು.

"ನನಗೂ ಅರ್ಧ ಲೋಟ ಸಿಗುತ್ತಾ?"

ಅಕ್ಕ ಮುಕ್ಕಾಲು ಲೋಟ ಕೊಟ್ಟರು.