ಐದು ಸುತ್ತಿನ ನಟ್ಟು

ನಾನು ಕಾರು ಹೊರಗೆ ತೆಗೆದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಾರ್ನ್‌ನಿಂದಲ್ಲ, ರಿವರ್ಸ್ ಗೇರಿನಿಂದ. ಕ್ಲಚ್ ಪೂರ್ತಿ ಒತ್ತಿ ಗೇರ್ ಹಾಕಿದರೂ ‘ಕರ್‍ರ್’ ಅಂತ ಶಬ್ದ, ಒರಳಿಗೆ ಅಕ್ಕಿ ಜೊತೆ ಕಲ್ಲು ಬಿದ್ದ ಹಾಗೆ. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆಯೇ “ಹೊರಟ್ರಾ?” ಅಂತ ಕೇಳುತ್ತಿದ್ದರು.

ಕಾರಿಗೆ 13 ವರ್ಷ. ಮುಂದಿನ ಗೇರುಗಳು ಸ್ವಲ್ಪ ಗಟ್ಟಿಯಾದರೂ ಹೇಗೋ ಬೀಳುತ್ತಿದ್ದವು, ಕಿರುಚುತ್ತಿದ್ದದ್ದು ರಿವರ್ಸ್ ಮಾತ್ರ. ಯಾಕೆ ಅಂತ ಆಮೇಲೆ ತಿಳಿಯಿತು. ಮುಂದಿನ ಗೇರುಗಳಿಗೆ ವೇಗ ಹೊಂದಿಸಿಕೊಡುವ ಸಿಂಕ್ರೊ ರಿಂಗ್ ಅಂತ ಒಂದಿರುತ್ತದೆ. ನನ್ನಂಥವರ ಹಳೇ ಸಣ್ಣ ಕಾರಿನ ರಿವರ್ಸಿಗೆ ಆ ಭಾಗ್ಯವಿಲ್ಲ. ಹಾಗಾಗಿ ಪೆಡಲ್ ಒತ್ತಿದಾಗ ಕ್ಲಚ್ ಎಂಜಿನ್ನಿನ ಹಿಡಿತವನ್ನು ಪೂರ್ತಿ ಬಿಡದಿದ್ದರೆ ಮೊದಲು ಚಾಡಿ ಹೇಳುವುದು ಅದೇ.

ಕಾರಿನ ಕಾಯಿಲೆಯೂ ಕೆಮ್ಮೂ ಒಂದೇ. ಯಾರ ಹತ್ತಿರ ಹೇಳಿಕೊಂಡರೂ ಅವರೇ ಡಾಕ್ಟರು. ನನ್ನ ಭಾವಮೈದ ಫೋನಿನಲ್ಲಿ ಶಬ್ದ ಕೇಳಿಸಿಕೊಂಡು “ಭಾವ, ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು” ಅಂದುಬಿಟ್ಟ. ಅವನು ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಮೇಷ್ಟ್ರು “ಕ್ಲಚ್ ಆಯಿಲ್ ನೋಡ್ರೀ, ಗಾಳಿ ಹೊಕ್ಕಿರುತ್ತೆ” ಅಂದರು. ನಾನು ಬಾನೆಟ್ ಎತ್ತಿ ಅರ್ಧ ಗಂಟೆ ಆ ಆಯಿಲ್ ಡಬ್ಬಿ ಹುಡುಕಿದೆ. ಇದ್ದರೆ ತಾನೇ ಸಿಗೋದು? ಅವರ ಕಾರಿನದು ಹೈಡ್ರಾಲಿಕ್ ಕ್ಲಚ್. ಅದರಲ್ಲಿ ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ ಹೊತ್ತೊಯ್ಯುತ್ತದೆ, ಪೈಪಿಗೆ ಗಾಳಿ ಸೇರಿದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗುತ್ತದೆ. ನನ್ನದು ಬರೀ ಕೇಬಲ್. ಸೈಕಲ್ ಬ್ರೇಕಿನ ಅಣ್ಣ ಅನ್ನಿ.

ಸೈಕಲ್ ಅಂದ ತಕ್ಷಣ ನನಗೆ ಧೈರ್ಯ ಬಂತು. ಹೈಸ್ಕೂಲಿನಲ್ಲಿ ಬ್ರೇಕನ್ನು ನಾನೇ ಬಿಗಿ ಮಾಡಿಕೊಳ್ಳುತ್ತಿದ್ದೆ. ಹುಡುಕಿದರೆ ಗೇರ್‌ಬಾಕ್ಸಿನ ಪಕ್ಕ ಒಂದು ಲಿವರು, ಅದಕ್ಕೆ ಸಿಕ್ಕಿಸಿದ ಕೇಬಲ್ ತುದಿ, ತುದಿಯ ಥ್ರೆಡ್ಡಿನ ಮೇಲೆ ಒಂದು ಪುಟ್ಟ ನಟ್ಟು ಕಂಡವು. ನಟ್ಟು ಬಿಗಿ ಮಾಡಿದರೆ ಕೇಬಲ್ ಗಿಡ್ಡವಾದ ಹಾಗೆ, ಪೆಡಲ್ ಸ್ವಲ್ಪ ಇಳಿಯುತ್ತಿದ್ದಂತೆ ಕ್ಲಚ್ ಬಿಡುತ್ತದೆ. ಸಡಿಲ ಮಾಡಿದರೆ ತಡವಾಗಿ ಬಿಡುತ್ತದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಫ್ರೀ ಪ್ಲೇ 15ರಿಂದ 25 ಮಿ.ಮೀ. ಇರಬೇಕು ಅಂತಿತ್ತು. ಅಂದರೆ ಪೆಡಲನ್ನು ಕೈಯಲ್ಲಿ ಒತ್ತಿದಾಗ ಮೊದಲು ಒಂದು ಬೆರಳು, ಒಂದೂವರೆ ಬೆರಳಿನಷ್ಟು ಸುಮ್ನೆ ಇಳಿಯಬೇಕು. ಆಮೇಲೆ ಗಟ್ಟಿಯಾಗಬೇಕು.

ಹೊಸ ನಾರಿನ ಮ್ಯಾಟ್ ಮೇಲೆ ಮೊಣಕೈ ಊರಿ, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಮಗನ ಸ್ಕೇಲ್ ಹಿಡಿದು ಅಳೆದೆ. 20 ಮಿ.ಮೀ. ಇತ್ತು. ಲೆಕ್ಕ ಸರಿಯಾಗಿಯೇ ಇತ್ತು. ಇಂಥ ಹೊತ್ತಿನಲ್ಲಿ ತಿಳಿದವರು ಸ್ಪಾನರ್ ಕೆಳಗಿಡುತ್ತಾರೆ. ನಾನು ಸ್ಕೇಲ್ ಕೆಳಗಿಟ್ಟೆ.

ಮೊದಲ ಸುತ್ತಿಗೆ ಏನೂ ಗೊತ್ತಾಗಲಿಲ್ಲ. ಎರಡನೇ ಸುತ್ತಿಗೆ ಕಿರುಚಾಟ ಕಡಿಮೆಯಾಯಿತು. ನಾಲ್ಕಕ್ಕೆ ರಿವರ್ಸ್ ಗೇರ್ ಸದ್ದಿಲ್ಲದೆ ಬಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಇರಲಿ ಅಂತ ಇನ್ನೊಂದು ಸುತ್ತು ಹಾಕಿದೆ, ಕಾಫಿಗೆ ಇನ್ನರ್ಧ ಚಮಚ ಸಕ್ಕರೆ ಹಾಕಿದ ಹಾಗೆ. ಮೇಷ್ಟ್ರಿಗೆ ಕೇಳಿಸದಂತೆ ಕಾರು ಹೊರಗೆ ತೆಗೆದದ್ದು ಅವತ್ತೇ ಮೊದಲು. ಪೆಡಲಿನಿಂದ ಕಾಲು ಪೂರ್ತಿ ಎತ್ತುವ ತನಕ ಕಾರು ಹೊರಡುತ್ತಿರಲಿಲ್ಲ ಅನ್ನೋದನ್ನು ಗಮನಿಸಿದ್ದೆ. ಅದನ್ನೂ ಒಂದು ಸುಧಾರಣೆ ಅಂದುಕೊಂಡೆ.

ಆ ಭಾನುವಾರ ಉಡುಪಿಯಲ್ಲಿ ನಂಟರ ಗೃಹಪ್ರವೇಶ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಹೋದೆವು. ಇಳಿಯುವಾಗ ಏನು ತೊಂದರೆ, ಕಲ್ಲೂ ಉರುಳಿಕೊಂಡು ಹೋಗುತ್ತದೆ. ವಾಪಸ್ ಬರುವಾಗ ಹಿಂದಿನ ಸೀಟಿನಲ್ಲಿ ಅತ್ತೆ, ಡಿಕ್ಕಿಯಲ್ಲಿ ಅತ್ತೆಗೆ ಯಾರೋ ಕೊಟ್ಟ ಒಂದು ಮೂಟೆ ತೆಂಗಿನಕಾಯಿ, ಹೊರಗೆ ಸೋನೆ ಮಳೆ. ಸೋಮೇಶ್ವರ ದಾಟಿ ಹತ್ತಲು ಶುರು ಮಾಡಿದೆವು. ಆ ಘಾಟಿಯಲ್ಲಿ 14 ತಿರುವುಗಳಿವೆ. ನಾಲ್ಕನೆಯದರಲ್ಲಿ ಎಂಜಿನ್ ಕೂಗಲು ಶುರುಮಾಡಿತು. ಆಕ್ಸಿಲರೇಟರ್ ಒತ್ತಿದಷ್ಟೂ ಕೂಗು ಜಾಸ್ತಿ, ಕಾರಿನ ನಡಿಗೆ ಮಾತ್ರ ಮದುವೆ ದಿಬ್ಬಣದ್ದು. ಜೊತೆಗೆ ಸುಟ್ಟ ವಾಸನೆ.

“ಯಾರೋ ಟಯರ್ ಸುಡ್ತಿದಾರೆ. ಕಿಟಕಿ ಹಾಕಿ ಅಳಿಯಂದ್ರೇ” ಅಂದರು ಅತ್ತೆ.

ಹಾಕಿದೆ. ವಾಸನೆ ಇಮ್ಮಡಿಯಾಯಿತು.

“ಒಳಗೇ ಸುಡ್ತಿರೋ ಹಾಗಿದೆಯಲ್ಲ” ಅಂದರು.

ಸ್ವಲ್ಪ ಅಗಲ ಇದ್ದ ಕಡೆ ನಿಲ್ಲಿಸಿ ಬಾನೆಟ್ ಎತ್ತಿದೆ. ಒಂದು ಮಂಗ ಬಂದು ಕಟ್ಟೆ ಮೇಲೆ ಕೂತು ನನ್ನನ್ನೂ ಎಂಜಿನ್ನನ್ನೂ ನೋಡಿತು. ನಟ್ಟು ಎದುರಿಗೇ ಇತ್ತು. ಸ್ಪಾನರ್ ಮನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ.

ಕೊನೆಗೆ ಕೆಳಗಿನಿಂದ ಬಂದ ಪಿಕಪ್ ವ್ಯಾನಿನ ಡ್ರೈವರ್ ನಿಲ್ಲಿಸಿದ. ಬಾಗಿಲು ತೆಗೆದು ಬಗ್ಗಿ, ಪೆಡಲನ್ನು ಎರಡೇ ಬೆರಳಲ್ಲಿ ಮುಟ್ಟಿ ನೋಡಿದ.

“ಪ್ಲೇ ಇಲ್ವೇ ಇಲ್ಲ ಮಾರಾಯ್ರೆ! ನೀವು ಕಾಲು ತೆಗೆದ್ರೂ ಕ್ಲಚ್ ಮೇಲೆ ಯಾರೋ ಕೂತ ಹಾಗೆ ಉಂಟು. ಪ್ಲೇಟ್ ಹಿಡೀಲಿಕ್ಕೇ ಇಲ್ಲ, ಜಾರ್ತಾ ಉಂಟು. ಜಾರಿ ಜಾರಿಯೇ ಈ ವಾಸನೆ.”

ಅವನ ಹತ್ತಿರ ಸ್ಪಾನರ್ ಇತ್ತು. ನಟ್ಟು ಐದು ಸುತ್ತು ಹಿಂದಕ್ಕೆ ಹೋಯಿತು. ಅರ್ಧ ಗಂಟೆ ಆರಲು ಬಿಡಿ ಅಂದ. ಹೊರಡುವಾಗ ಕೇಳಿದ, “ಯಾವ ಗ್ಯಾರೇಜಿನವ ಹೀಗೆ ಮಾಡಿದ್ದು?”

“ಊರಲ್ಲಿ ಯಾರೋ ಒಬ್ಬ” ಅಂದೆ.

“ಅವನ ಹತ್ರ ಇನ್ನು ಹೋಗ್ಬೇಡಿ, ಆಯ್ತಾ?”

“ಇಲ್ಲಪ್ಪ, ಹೋಗಲ್ಲ” ಅಂತ ನನ್ನ ಹೆಂಡತಿ ಉತ್ತರ ಕೊಟ್ಟಳು.

ಉಳಿದ ಹತ್ತು ತಿರುವು ಕಾರು ಮರ್ಯಾದೆಯಿಂದ ಹತ್ತಿತು. ಮನೆ ಮುಂದೆ ರಿವರ್ಸ್ ಹಾಕಿದರೆ ಮತ್ತೆ ಕರ್‍ರ್. ಒಳಗಿನಿಂದ ಮೇಷ್ಟ್ರ ದನಿ: “ಬಂದ್ರಾ?”

ಮರುದಿನ ಗ್ಯಾರೇಜಿಗೆ ಹೋದೆ. ಪ್ಲೇಟ್ ಸುಟ್ಟೇ ಹೋಯಿತೇನೋ ಅಂತ ಎದೆ ಡವಡವ. ಮೇಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನಕ್ಕೆ ಕ್ಲಚ್ ಪೆಡಲಿನಿಂದ ಕಾಲು ತೆಗೆದರು. ಎಂಜಿನ್ ಗಕ್ಕನೆ ಆಫ್ ಆಯಿತು. “ಆಫ್ ಆಗ್ಬೇಕು ಸಾರ್. ಆಗದೆ ಓಡ್ತಾನೇ ಇದ್ದಿದ್ರೆ ಪ್ಲೇಟ್ ಕಥೆ ಮುಗೀತು ಅಂತ. ನಿಮ್ದು ಹಿಡೀತಿದೆ, ಆಯಸ್ಸು ಸ್ವಲ್ಪ ಕಮ್ಮಿ ಮಾಡ್ಕೊಂಡಿದೀರಿ.” ಆಮೇಲೆ ಪೆಡಲನ್ನು ತಳದ ತನಕ ಒತ್ತಿದರು. ಮತ್ತೆ ಒತ್ತಿದರು. ಬಗ್ಗಿ ಕೆಳಗೆ ನೋಡಿದರು. ನನ್ನ ಮುಖವನ್ನೂ ನೋಡಿದರು.

ಪೆಡಲಿನ ಕೆಳಗೆ ಕಾರಿನ ರಬ್ಬರ್ ಮ್ಯಾಟ್ ಇತ್ತು. ಅದರ ಮೇಲೆ, ಮಳೆಗಾಲದ ಕೆಸರು ಒಳಗೆ ಬರಬಾರದು ಅಂತ ಜೂನಿನಲ್ಲಿ ನಾನೇ ಆರಿಸಿ ತಂದ, ಎರಡು ಸೆಂಟಿಮೀಟರ್ ದಪ್ಪದ ನಾರಿನ ಮ್ಯಾಟ್. ಪೆಡಲ್ ಅದಕ್ಕೆ ತಾಗಿ ನಿಲ್ಲುತ್ತಿತ್ತು, ಕೊನೆಯ ಎರಡು ಸೆಂಟಿಮೀಟರ್ ಇಳಿಯುತ್ತಲೇ ಇರಲಿಲ್ಲ. ಕ್ಲಚ್ ಪೂರ್ತಿ ಬಿಡುವುದು ಹೇಗೆ? ಮೇಸ್ತ್ರಿ ಅದನ್ನು ಸತ್ತ ಇಲಿ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ಹೊರಗಿಟ್ಟರು. ರಿವರ್ಸ್ ಹಾಕಿದರು. ಸದ್ದೇ ಇಲ್ಲ.

“ಎಷ್ಟಾಯ್ತು?” ಅಂದೆ.

“ಮ್ಯಾಟ್ ತೆಗೆದಿದ್ದಕ್ಕೆ ಏನಂತ ಬಿಲ್ ಬರೀಲಿ ಸಾರ್?”

ದುಡ್ಡು ಕೊಟ್ಟು ತಂದ ವಸ್ತು, ಎಸೆಯಲು ಮನಸ್ಸು ಬರಲಿಲ್ಲ. ಈಗ ಅದು ನಮ್ಮ ಮುಂಬಾಗಿಲ ಒಳಗೆ ಬಿದ್ದಿದೆ, ಕಾಲೊರೆಸಲು. ಎರಡು ದಿನದಿಂದ ಯಾಕೋ ಬಾಗಿಲು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿದೆ. ಕೀಲಿನ ಸ್ಕ್ರೂ ಸಡಿಲವಾಗಿರಬೇಕು, ಬಿಗಿ ಮಾಡೋಣ ಅಂದರೆ ಸ್ಕ್ರೂಡ್ರೈವರ್ ಎಲ್ಲೂ ಸಿಗುತ್ತಿಲ್ಲ. ಹೆಂಡತಿಯನ್ನು ಕೇಳಿದರೆ ಗೊತ್ತಿಲ್ಲ ಅನ್ನುತ್ತಾಳೆ.